ಸ ಇಲ್ಲದ ಬ್ಯಾಂಡ್‌ಸೆಟ್ಟು

ವೀಣ ಮೇಡಂ ನಾನು ಬರೆದ ಹಾಳೆಯನ್ನು ಪಿಯಾನೋದ ಮೇಲಿಟ್ಟು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಕೊನೆಯ ಸ್ವರದ ಮೇಲಿನ ಬೆರಳನ್ನು ತೆಗೆಯದೆ ನನ್ನ ಕಡೆ ತಿರುಗಿ, "ಮತ್ತೆ ಮನೆಗೆ ಬಂದುಬಿಟ್ಟೆಯಲ್ಲ ನಾಗಮಣಿ" ಅಂದರು.

ಬಂದಿದ್ದೆ. ನನಗೂ ಕೇಳಿಸಿತ್ತು.

ಮೈಸೂರಿನ ನಮ್ಮ ಕಾಲೇಜಿನಲ್ಲಿ ಸಂಗೀತ ರಚನೆ ಕಲಿಯುವವರು ಕೊನೆಯ ವರ್ಷ ಒಂದು ಅಟೋನಲ್ ಕೃತಿ ಬರೆಯಬೇಕು. ನಾವು ದಿನಾ ಕೇಳುವ ಹಾಡು, ಅದು ದೇವರನಾಮವಾಗಲಿ ಸಿನಿಮಾದ್ದಾಗಲಿ, ಒಂದು ಸ ಇಟ್ಟುಕೊಂಡಿರುತ್ತದೆ. ಹಾಡು ಎಲ್ಲೆಲ್ಲಿ ಸುತ್ತಿದರೂ ಕಿವಿ ಆ ಸ ಬರಲಿ ಎಂದು ಕಾಯುತ್ತಿರುತ್ತದೆ, ಬಂದಾಗ ಉಸ್ಸಪ್ಪಾ ಅನ್ನುತ್ತದೆ. ಅಟೋನಲ್ ಸಂಗೀತದಲ್ಲಿ ಆ ಸ ಇಲ್ಲ. ಹನ್ನೆರಡು ಸ್ವರಗಳಲ್ಲಿ ಯಾವುದೂ ಯಜಮಾನನಲ್ಲ, ಯಾವುದೂ ಆಳಲ್ಲ. ಒಂದು ಸ್ವರ ಬಂದು ಹೋದ ಮೇಲೆ ಮಿಕ್ಕವೆಲ್ಲ ಬಂದು ಹೋಗುವವರೆಗೆ ಅದು ಮತ್ತೆ ಬಾಯಿ ಬಿಡುವಂತಿಲ್ಲ. ಹೇಳುವುದಕ್ಕೆ ಇಷ್ಟೇ. ಬರೆಯಲು ಕೂತರೆ ನನ್ನ ಕೈ, ಮೇಯ್ದು ಮುಗಿಸಿದ ಹಸುವಿನಂತೆ, ತಾನಾಗಿ ಕೊಟ್ಟಿಗೆಯ ದಾರಿ ಹಿಡಿಯುತ್ತಿತ್ತು.

ಕೈಯನ್ನು ಬೈದು ಏನು ಮಾಡಲಿ? ನಾನು ಬೆಳೆದದ್ದು ದುದ್ದದಲ್ಲಿ, ಅಜ್ಜಿ ಮರಿತಾಯಮ್ಮನ ಕತೆಗಳೊಳಗೆ. ಅಜ್ಜಿಯ ಕತೆಯಲ್ಲಿ ಹುಡುಗಿ ಕಾಡು ಸೇರಲಿ, ಹಾವಿನ ಹೊಟ್ಟೆ ಸೇರಲಿ, ಮೋಡದ ಮೇಲಿನ ಸಂತೆಯಲ್ಲಿ ಕಳೆದುಹೋಗಲಿ, ದೀಪ ಹಚ್ಚುವ ಹೊತ್ತಿಗೆ ಹಟ್ಟಿ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಹ್ಞೂಂಗುಟ್ಟುತ್ತಿದ್ದ ನಾನು ಅವಳು ಹೊಸ್ತಿಲು ದಾಟುವ ಮೊದಲೇ ನಿದ್ದೆ ಹೋಗಿರುತ್ತಿದ್ದೆ.

ಆ ಶನಿವಾರ ಊರಿಗೆ ಹೋದವಳೇ ಅಜ್ಜಿಯ ಎದುರು ಕೂತೆ. ಅವಳು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಅಜ್ಜಿ, ಮನೆಗ್ ಬರ್ದೆ ಇರೋ ಕತೆ ಒಂದ್ ಏಳು."

"ಅದ್ಯಾವ ಕತೆನವ್ವಾ? ಮನೆಗ್ ಬರ್ದೆ ಓದ್ರೆ ಕೇಳ್ದೋರು ನಿದ್ದೆ ಎಂಗ್ ಮಾಡಾರು?"

"ನಿದ್ದೆ ಮಾಡ್ಬಾರ್ದು."

"ಅಂಗಾರೆ ಕತೆ ಯಾಕೆ, ತಿಗಣೆ ಸಾಕ್ಕೋ ಓಗು."

ನಾನು ಏಳಲಿಲ್ಲ. ಬಟ್ಟಲು ಎಳೆದುಕೊಂಡು ಅವಳ ಜೊತೆ ಸುಲಿಯತೊಡಗಿದೆ. ಸ್ವಲ್ಪ ಹೊತ್ತು ಬೈದುಕೊಂಡು ಆಮೇಲೆ ಶುರುಮಾಡಿದಳು. ಪಕ್ಕದ ಮನೆಗೆ ಕೆಂಡ ತರಲು ಹೊರಟ ಹುಡುಗಿಯೊಬ್ಬಳು. ನಡೆದಷ್ಟೂ ಪಕ್ಕದ ಮನೆ ದೂರ ಹೋಗುತ್ತದೆ. ಬದುವಿನ ಮೇಲೆ ನಡೆದಳು, ಬದು ಬೆಳೆಯಿತು. ಕಾಡಿನೊಳಗೆ ಒಂದು ಮರ, ಯಾರ ಮಗಳೇ ನೀನು ಎಂದು ಕೇಳಿತು. ಹುಡುಗಿ ಹೇಳಬೇಕೆಂದು ಬಾಯಿ ತೆರೆದಳು...

ಕೊಟ್ಟಿಗೆಯಲ್ಲಿ ಹಸು ಕೂಗಿತು. ಅಜ್ಜಿ ಸೀರೆ ಕೊಡವಿಕೊಂಡು ಎದ್ದಳು.

"ಆಮೇಲೆ?"

"ಆಮೇಲಿಲ್ಲ. ಮನೆಗ್ ಬರ್ಬಾರ್ದು ಅಂತ ನೀನೇ ಅಂದಲ್ಲ? ಅವ್ಳು ಅಲ್ಲೇ ಅವ್ಳೆ."

ಆ ಹುಡುಗಿ ಬಾಯಿ ತೆರೆದುಕೊಂಡೇ ನನ್ನ ತಲೆಯೊಳಗೆ ನಿಂತುಬಿಟ್ಟಳು. ಅವಳ ಬಾಯಿಯಿಂದ ಯಾವ ಹೆಸರೂ ಹೊರಡದಂತೆ ನೋಡಿಕೊಂಡು ನಾನು ಬರೆದೆ. ಊದುವ ಮೂರು ವಾದ್ಯಗಳಿಗೆ, ಕ್ಲಾರಿನೆಟ್, ಟ್ರಂಪೆಟ್ ಮತ್ತು ಯುಫೋನಿಯಂಗೆ. ವೀಣ ಮೇಡಂ ನುಡಿಸಿ ನೋಡಿ, "ಇದು ಎಲ್ಲಿಗೂ ಹೋಗ್ತಿಲ್ಲ. ಒಳ್ಳೇದು" ಅಂದರು.

ಪರೀಕ್ಷೆಗೆ ಕಂಪ್ಯೂಟರಿನಲ್ಲಿ ನುಡಿಸಿದ ಫೈಲು ಕೊಟ್ಟರೂ ನಡೆಯುತ್ತದೆ. ಎಲ್ಲರೂ ಅದನ್ನೇ ಕೊಡುತ್ತಾರೆ. ನಾನು ಮನುಷ್ಯರಿಂದಲೇ ಊದಿಸುತ್ತೇನೆ ಅಂದೆ. ಆ ಹುಡುಗಿ ತೆರೆದ ಬಾಯಿಗೆ ಉಸಿರು ಬೇಕು, ಕಂಪ್ಯೂಟರಿಗೆ ಉಸಿರೆಲ್ಲಿದೆ?

"ಯೋಚನೆ ಮಾಡು" ಅಂದರು ಮೇಡಂ. "ಪರೀಕ್ಷಕರ ಎದುರು ಒಂದೇ ಒಂದು ಸಲ. ನಡುವೆ ಯಾರೋ ತಪ್ಪಿ, ಮೂರೂ ಜನ ಒಂದು ಸ್ವರಕ್ಕೆ ಅಂಟಿಕೊಂಡರೆ ಅದೇ ಸ ಆಗಿಬಿಡುತ್ತೆ. ಅಲ್ಲಿಗೆ ಕೃತಿ ಅಟೋನಲ್ ಅಲ್ಲ, ನೀನು ಫೇಲು. ಯಾರು ಊದ್ತಾರೆ?"

"ನಮ್ಮ ಮಾವನ ಬ್ಯಾಂಡ್‌ಸೆಟ್ಟು."

"ಮದುವೆ ಬ್ಯಾಂಡಾ?"

"ಹೌದು ಮೇಡಂ, ಮದುವೆ ಬ್ಯಾಂಡೇ."

ಶಿವಯ್ಯ ನನ್ನ ಅವ್ವನ ಅಣ್ಣ. ಮದ್ದೂರಿನಲ್ಲಿ ಅವನ ಬ್ಯಾಂಡ್‌ಸೆಟ್ಟು ಗೊತ್ತಿಲ್ಲದವರಿಲ್ಲ. ಅವನದು ಕ್ಲಾರಿನೆಟ್. ಟ್ರಂಪೆಟ್ ಊದುವ ಅಶೋಕ್ ಮದುವೆಯಿಲ್ಲದ ದಿನ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ದೊಡ್ಡ ಹೊಟ್ಟೆಯ ಯುಫೋನಿಯಂ ಅನ್ನು ಅಷ್ಟೇ ದೊಡ್ಡ ಹೊಟ್ಟೆಯ ಮೇಲೆ ಕೂರಿಸಿಕೊಂಡು ಊದುವವನು ಚಲುವರಾಜು. ಅವನಿಗೆ ಒಂದು ಗೂಡ್ಸ್ ಆಟೋ ಇದೆ, ಬ್ಯಾಂಡಿನ ಸಾಮಾನೆಲ್ಲ ಅದರಲ್ಲೇ ಓಡಾಡುತ್ತದೆ. ಅವರ ಪ್ರಾಕ್ಟೀಸಿನ ಶೆಡ್ಡಿಗೆ ನಾನು ಕೀಬೋರ್ಡು ಹೊತ್ತುಕೊಂಡು ಹೋದೆ.

ಮಾವ ಕ್ಲಾರಿನೆಟ್ಟಿನ ಬಾಯಿ ಒರೆಸಿಕೊಂಡು ಕೇಳಿದ. "ಸ ಯಾವ್ದು ಮಗಾ? ಅದೊಂದ್ ಕೊಟ್ಬುಡು, ಮಿಕ್ಕಿದ್ದು ನಾವ್ ನೋಡ್ಕತೀವಿ."

"ಸ ಇಲ್ಲ ಮಾವ."

"ಇಲ್ಲ ಅಂದ್ರೆ? ಮರ್ತ್ ಬಂದಾ?"

"ಮೈಸೂರ್ ರೈಲಲ್ಲಿ ಬುಟ್ಬಂದವ್ಳೆ ಕಣ್ ಶಿವಣ್ಣ" ಅಂದ ಚಲುವರಾಜು. "ಟೇಸನ್ ಮಾಸ್ಟ್ರಿಗೆ ಪೋನ್ ಮಾಡು, ಎತ್ತಿ ಮಡಗಿರ್ತಾರೆ."

ಮೂವರೂ ಸ್ವರ ಬರೆದ ಹಾಳೆ ಓದಿ ಕಲಿತವರಲ್ಲ, ಕೇಳಿ ಕಲಿತವರು. ನಾನು ಕೀಬೋರ್ಡಿನಲ್ಲಿ ಒಂದೊಂದು ಸಾಲು ನುಡಿಸುತ್ತಿದ್ದೆ, ಅವರು ಹಿಡಿಯುತ್ತಿದ್ದರು. ಹಿಡಿಯುವುದೇನೋ ಹಿಡಿದರು, ಆದರೆ ಬಾಯಲ್ಲಿ ಸರಿಗಮ ಅಂದುಕೊಂಡ ಕೂಡಲೇ ಸ ಎದ್ದು ಕೂರುತ್ತಿತ್ತು. ಅದಕ್ಕೆ ನಾನು ಸ್ವರಗಳ ಹೆಸರನ್ನೇ ಕಿತ್ತುಹಾಕಿ ಊರುಗಳ ಹೆಸರಿಟ್ಟೆ. ಇದು ಮದ್ದೂರು, ಇದು ಕೊಪ್ಪ, ಇದು ಹಲಗೂರು, ಇದು ಬಸರಾಳು. ಮಿಕ್ಕವಕ್ಕೆ ದುದ್ದ, ಶಿವಪುರ, ಮಳವಳ್ಳಿ, ಹೀಗೆ. ಒಂದೊಂದು ವಾದ್ಯವೂ ಒಂದೊಂದು ಬಸ್ಸು. ಎಲ್ಲ ಊರೂ ಮುಟ್ಟುವ ತನಕ ಒಂದು ಊರಿಗೆ ಎರಡನೇ ಸಲ ಹೋಗುವಂತಿಲ್ಲ.

ಇದು ಅವರಿಗೆ ಹಿಡಿಸಿತು. ಹಿಡಿಸಿದ್ದೇ ತಾಪತ್ರಯವಾಯಿತು. ಮಾವ ದುದ್ದದವನು, ದುದ್ದ ಬಂದಾಗಲೆಲ್ಲ ಕ್ಲಾರಿನೆಟ್ ಒಂದಿಷ್ಟು ತೂಗಾಡಿ ನಿಲ್ಲುತ್ತಿತ್ತು. ಅಶೋಕ್ ತನ್ನೂರು ಶಿವಪುರದಲ್ಲಿ ಹಾಗೇ. ಚಲುವರಾಜು ಮಾತ್ರ ಮಳವಳ್ಳಿ ಬಂದರೆ ಬೆಂಕಿ ತುಳಿದವನಂತೆ ಹಾರಿಬಿಡುತ್ತಿದ್ದ.

"ಯಾಕಣ್ಣ ಅಷ್ಟ್ ಬೇಗ ಬುಡ್ತೀಯ?"

"ಅತ್ತೆ ಮನೆ ಕಣವ್ವ. ಜಾಸ್ತಿ ಒತ್ತು ನಿಂತ್ಕಂಡ್ರೆ ಕೆಲ್ಸ ಏಳ್ತಾರೆ."

ನೆಂಟರಿಲ್ಲದ ಊರು ಹುಡುಕೋಣವೆಂದರೆ ಈ ಮೂವರಿಗೆ ಜಿಲ್ಲೆಯಲ್ಲಿ ನೆಂಟರಿಲ್ಲದ ಊರೇ ಇಲ್ಲ. ಕೊನೆಗೆ ನಾನೇ ಕಂಡಕ್ಟರಾದೆ. ಯಾರಾದರೂ ನಿಂತರೆ ಕೀಬೋರ್ಡಿನ ಅಂಚನ್ನು ಟಕಟಕ ಕುಟ್ಟಿ, ರೈಟ್ ರೈಟ್ ಎಂದು ಕೂಗುತ್ತಿದ್ದೆ. ನಿಲ್ಲುವ ಚಾಳಿ ಹಾಗೆ ಹೋಯಿತು.

ಹೋಗದಿದ್ದದ್ದು ಇನ್ನೊಂದು. ಅಶೋಕ್ ಒಂದು ಕಡೆ ಕೊಪ್ಪಕ್ಕೆ ಹೋಗುವ ಬದಲು ಮದ್ದೂರಿನಲ್ಲಿ ಇಳಿದ. ಅರ್ಧ ಸ್ವರದ ತಪ್ಪು, ಕಲಿಯುವಾಗ ಆಗುವಂಥದ್ದೇ. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾವನೂ ಚಲುವರಾಜುವೂ ತಮ್ಮ ಸರಿಯಾದ ಸ್ವರ ಬಿಟ್ಟು ಅವನ ಜೊತೆ ಮದ್ದೂರಿನಲ್ಲೇ ಇಳಿದುಬಿಟ್ಟರು. ಮೂರೂ ವಾದ್ಯ ಒಂದೇ ಸ್ವರದಲ್ಲಿ, ಗಟ್ಟಿಯಾಗಿ, ಸಂತೋಷವಾಗಿ ಮೊಳಗಿದವು. ಅಲ್ಲಿಯವರೆಗೆ ಕಾಡಿನಲ್ಲಿದ್ದ ಕೃತಿ ಹಟ್ಟಿ ಬಾಗಿಲಿಗೆ ಬಂದು ಕಾಲು ತೊಳೆಯಿತು.

"ಅವ್ನು ಇಳುದ್ರೆ ನೀವ್ಯಾಕೆ ಇಳೀತೀರಾ? ನಿಮ್ ಟಿಕೇಟು ಬ್ಯಾರೆ ಊರ್ದು!"

ಮಾವ ನನ್ನನ್ನು ಏನೂ ಅರಿಯದ ಮಗುವನ್ನು ನೋಡುವಂತೆ ನೋಡಿದ. "ಬ್ಯಾಂಡ್ನಲ್ಲಿ ಒಬ್ಬ ತಪ್ಪುದ್ರೆ ಎಲ್ರೂ ಅಲ್ಲಿಗೋಗಿ ನಿಂತ್ಕಬೇಕು ಮಗಾ. ಆಗ ತಪ್ಪು ಯಾರ್ದೂ ಅಲ್ಲ. ಮದ್ವೆ ಮನೆಯೋರ್ಗೆ ಅದೇ ಸರಿ ಅನ್ನುಸ್ತದೆ. ನಮ್ಮಪ್ಪನ್ ಕಾಲ್ದಿಂದ್ಲೂ ಇಂಗೇ."

"ನಾನ್ ಬರ್ದಿರದ್ರಲ್ಲಿ ಅಂಗ್ ಮಾಡುದ್ರೆ ನಾನ್ ಫೇಲಾಯ್ತೀನಿ ಮಾವ."

"ಒಬ್ಬನ್ನೇ ಬುಟ್ಬುಟ್ಟು ಎಂಗವ್ವಾ ಓಗದು?"

ಅವರಿಗೆ ಅದು ತಪ್ಪಿನಂತೆ ಕಾಣುತ್ತಲೇ ಇರಲಿಲ್ಲ. ಬೇರೆ ದಾರಿಯಿಲ್ಲದೆ ನಾನು ಬೇಕೆಂದೇ ಒಬ್ಬೊಬ್ಬರನ್ನೂ ತಪ್ಪಿಸತೊಡಗಿದೆ. ಒಬ್ಬನ ಕಿವಿಯಲ್ಲಿ ತಪ್ಪು ಸ್ವರ ಊದಲು ಹೇಳಿ, ಮಿಕ್ಕ ಇಬ್ಬರೂ ತಮ್ಮ ದಾರಿ ಬಿಡದಂತೆ ಹಿಡಿಯುವುದು. ಮೊದಮೊದಲು ಅವರ ಮುಖ, ಬಿದ್ದವನನ್ನು ದಾಟಿಕೊಂಡು ಹೋಗುವವರ ಮುಖದಂತಿರುತ್ತಿತ್ತು. ವಾರಗಟ್ಟಲೆ ಇದನ್ನೇ ಮಾಡಿಸಿದೆ. ಕಾಲೇಜು ಮುಗಿಸಿ ರೈಲಿನಲ್ಲಿ ಬಂದು ಮದ್ದೂರಿನಲ್ಲಿ ಇಳಿಯುವುದು, ಶೆಡ್ಡಿನಲ್ಲಿ ಕೂಗಾಡುವುದು, ಕೊನೆಯ ಬಸ್ಸಿಗೆ ದುದ್ದ ಸೇರುವುದು. ಕೊನೆಗೊಂದು ಸಂಜೆ ಚಲುವರಾಜು ನಿಜವಾಗಿಯೇ ತಪ್ಪಿದ. ಮಿಕ್ಕ ಇಬ್ಬರೂ ತಿರುಗಿಯೂ ನೋಡಲಿಲ್ಲ.

"ಕಲ್ತ್ಬುಟ್ರು ಬಡ್ಡೆತ್ತವು" ಅಂದ ಚಲುವರಾಜು, ಅರ್ಧ ನಗುತ್ತಾ.

ನಾನು ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಕಬ್ಬಿನ ಗದ್ದೆಗಳಲ್ಲಿ ಒಂದೊಂದು ಗರಿಯೂ ಬೇರೆ ಬೇರೆ ಕಡೆ ತೂಗುವುದನ್ನು ನೋಡುತ್ತಾ ರಾಣಿಯ ಹಾಗೆ ಕೂತಿದ್ದೆ.

ಮುಂದಿನ ವಾರ ಮಳವಳ್ಳಿಯಲ್ಲಿ ಮದುವೆ. ಬೆಳಿಗ್ಗೆ ಗಂಡನ್ನು ದೇವಸ್ಥಾನದಿಂದ ಛತ್ರಕ್ಕೆ ಕರೆತರುವ ಮೆರವಣಿಗೆ. ನಾನೂ ಜೊತೆಗೆ ಹೋಗಿದ್ದೆ. ಬ್ಯಾಂಡಿನವರು ಎಂದಿನ ನೀಲಿ ಕೋಟು ಹಾಕಿಕೊಂಡು, ಎಲ್ಲರಿಗೂ ಬಾಯಿಗೆ ಬರುವ ಒಂದು ಹಳೆಯ ಸಿನಿಮಾ ಹಾಡು ಊದುತ್ತಿದ್ದರು. ಪೇಟೆಯ ತಿರುವಿನಲ್ಲಿ ಸ್ಕೂಟರಿನವನೊಬ್ಬ ಅಶೋಕನ ಮೊಣಕೈಗೆ ತಾಗಿಸಿಕೊಂಡು ಹೋದ. ಟ್ರಂಪೆಟ್ಟು ಹಾಡಿನ ಎತ್ತರದ ಜಾಗದಲ್ಲಿ ಅರ್ಧ ಸ್ವರ ಮೇಲೆ ಹೋಗಿ ಕಿರುಚಿತು.

ಯಾರೂ ಅವನ ಜೊತೆಗೆ ಹೋಗಲಿಲ್ಲ.

ಮಾವನ ಕ್ಲಾರಿನೆಟ್ಟು ತನ್ನ ದಾರಿಯಲ್ಲಿ, ಯುಫೋನಿಯಂ ತನ್ನ ದಾರಿಯಲ್ಲಿ. ನಡುವೆ ಅಶೋಕ್ ಒಬ್ಬನೇ, ಬಟ್ಟೆ ಜಾರಿದವನಂತೆ. ಅವನು ಗಾಬರಿಯಲ್ಲಿ ಮತ್ತೂ ತಪ್ಪಿದ. ಹೆಣ್ಣಿನ ಕಡೆಯ ಹುಡುಗರು ಕೇಕೆ ಹಾಕಿ ನಕ್ಕರು. ಆ ಗುಂಪಿನಲ್ಲಿ ಅಶೋಕನ ಅಕ್ಕನ ಗಂಡನೂ ಇದ್ದ. "ಏನ್ ಬಾಮೈದ, ಟ್ರಂಪೆಟ್ಟಾ, ಕೋಳಿ ಕುಯ್ತಿದ್ದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅಶೋಕ್ ಟ್ರಂಪೆಟ್ಟನ್ನು ತುಟಿಯಿಂದ ಇಳಿಸಿ, ಛತ್ರದವರೆಗೂ ಸುಮ್ಮನೆ ನಡೆದ.

ಆಟೋದ ಹತ್ತಿರ ಮಾವ ನನ್ನನ್ನು ತಡೆದ. ಅವನು ಕೋಪ ಮಾಡಿಕೊಂಡಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

"ಸಾಕು ಕಣವ್ವ. ನಿನ್ ಪಾಠ ನಮ್ ಮಾನ ಕಳೀತು. ನಂಗೇ ಗೊತ್ತಾಗ್ನಿಲ್ಲ ನೋಡು, ಅವ್ನು ತಪ್ದಾಗ ನನ್ ಬಾಯೇ ತಿರುಗ್ನಿಲ್ಲ. ನೀನು ಅದೇನೋ ಕಂಪೂಟ್ರು ಅಂದಲ್ಲ, ಅದ್ರಲ್ಲೇ ಊದುಸ್ಕೋ."

ಪರೀಕ್ಷೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ತಯಾರಾಗಿಯೇ ಇತ್ತು. ಮನೆಗೆ ಬಂದು ಅದನ್ನು ಹಾಕಿ ಕೇಳಿದೆ. ಒಂದೂ ತಪ್ಪಿಲ್ಲ. ಆದರೆ ಅಜ್ಜಿಯ ಕತೆಯ ಹುಡುಗಿಯ ತೆರೆದ ಬಾಯಿ ಅದರಲ್ಲಿ ಕಾಣಿಸಲಿಲ್ಲ. ಮುಚ್ಚಿಟ್ಟು, ಬೆಳಿಗ್ಗೆ ಶಿವಪುರದ ಬಸ್ಸು ಹತ್ತಿದೆ.

ಅಶೋಕ್ ಯಾರದೋ ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದ. ನನ್ನನ್ನು ನೋಡಿಯೂ ಬ್ರಶ್ಶು ನಿಲ್ಲಿಸಲಿಲ್ಲ.

"ಏನ್ ಮೇಡಮ್ಮೋರು, ಈ ಕಡೆ? ಗೋಡೆಗೂ ಸ ಇಲ್ದಂಗ್ ಬಳೀಬೇಕಾ?"

"ಅಣ್ಣಾ, ಮುಂದಿನ್ ಮದ್ವೆ ಎಲ್ಲಿ?"

"ಬಸ್ರಾಳು. ಯಾಕೆ?"

"ನಾನೂ ಊದ್ತೀನಿ, ಕ್ಲಾರಿನೆಟ್ಟು. ಕಾಲೇಜ್ನಲ್ಲಿ ಕಲ್ತಿದ್ದೀನಿ. ಕೋಟ್ ಕೊಡಿ."

ಈಗ ಬ್ರಶ್ಶು ನಿಂತಿತು. "ನೀನಾ? ಬೀದೀಲಾ? ಎಣ್ಣೈಕ್ಳು ಬ್ಯಾಂಡ್ನಲ್ಲಿ ನಡುದ್ರೆ ಜನ ಏನಂದಾರು ಗೊತ್ತಾ?"

"ನಿಂಗ್ ಅಂದ್ರಲ್ಲ, ನಂಗೂ ಅನ್ಲಿ."

ಅವನು ಗೋಡೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಬಳಿದ. "ಬಾವ ಊಟುಕ್ ಕೂತಾಗ್ಲೂ ನಗ್ತಿದ್ದ" ಅಂದ ಕೊನೆಗೆ. ಆಮೇಲೆ, "ಶಿವಣ್ಣನ್ ಕೇಳು. ಅವ್ನ್ ಊಂ ಅಂದ್ರೆ ನಂದೇನಿಲ್ಲ."

ಮಾವ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಬಸರಾಳಿನ ಮದುವೆಯ ಬೆಳಿಗ್ಗೆ ಚಲುವರಾಜು ಆಟೋದಿಂದ ಒಂದು ಕೋಟು ಎಸೆದ. ತೋಳು ನನ್ನ ಬೆರಳ ತುದಿಯನ್ನೂ ದಾಟಿ ನೇತಾಡುತ್ತಿತ್ತು. ಕ್ಲಾರಿನೆಟ್ಟಿನ ತೂತು ಕಾಣಬೇಕಲ್ಲ, ಎರಡು ಮಡಿಕೆ ಮಡಚಿದೆ.

ಬೀದಿಯಲ್ಲಿ ಅಂದರು. ಅನ್ನುವವರು ಅಂದೇ ಅಂದರು. "ಏನ್ ಸಿವಯ್ಯ, ಗಂಡೈಕ್ಳು ಕಾಲಿಯಾಗೋದ್ರಾ?" ಎಂದು ಒಬ್ಬ ಮುದುಕ. "ಲೇ, ಅವ್ಳು ಊದದ್ ನೋಡ್ಲಾ, ಒಲೆ ಊದ್ದಂಗದೆ" ಎಂದು ಇನ್ನೊಬ್ಬ. ನಾನು ಮಾವನ ಪಕ್ಕದಲ್ಲಿ, ಅವನು ಊದಿದ್ದನ್ನೇ ಊದುತ್ತಾ ನಡೆದೆ. ಕೂತು ಊದುವುದು ಬೇರೆ, ಬಿಸಿಲಿನಲ್ಲಿ ನಡೆಯುತ್ತಾ ಊದುವುದು ಬೇರೆ ಎನ್ನುವುದು ಒಂದು ಬೀದಿ ಮುಗಿಯುವುದರೊಳಗೆ ತಿಳಿಯಿತು. ತುಟಿ ಒಣಗಿತ್ತು. ಚಪ್ಪರದ ಹತ್ತಿರ ಬಂದಾಗ, ಎಲ್ಲರ ಕಣ್ಣೂ ನಮ್ಮ ಮೇಲಿರುವಾಗ, ನನ್ನ ಬೆರಳು ಜಾರಿತು. ಬೇಕೆಂದು ಅಲ್ಲ. ನಿಜವಾಗಿ ಜಾರಿತು. ಹಾಡಿನ ನಟ್ಟನಡುವೆ ಒಂದು ಕೆಟ್ಟ ಸ್ವರ ಎದ್ದು ನಿಂತಿತು, ಅದು ನನ್ನದೇ ಎಂದು ಇಡೀ ಬಸರಾಳಿಗೆ ಗೊತ್ತಾಗುವಂತೆ.

ಮೊದಲು ಬಂದದ್ದು ಟ್ರಂಪೆಟ್ಟು. ಅಶೋಕ್ ತನ್ನ ಸರಿಯಾದ ಸ್ವರವನ್ನು ಬಿಟ್ಟು, ನನ್ನ ಕೆಟ್ಟ ಸ್ವರದ ಪಕ್ಕಕ್ಕೆ ಬಂದು, ಅದನ್ನೇ ಗಟ್ಟಿಯಾಗಿ, ಮೊದಲಿನಿಂದಲೂ ಅಲ್ಲಿಗೇ ಬರಬೇಕಿತ್ತು ಎನ್ನುವ ಧೈರ್ಯದಲ್ಲಿ ಊದಿದ. ಅವನ ಹಿಂದೆ ಚಲುವರಾಜು, ಆಮೇಲೆ ಮಾವ. ನಾಲ್ವರೂ ಒಟ್ಟಿಗೆ ಅಲ್ಲಿಂದ ಇಳಿದು ಹಾಡಿನೊಳಗೆ ಹೋದೆವು. ಚಪ್ಪರದ ಕೆಳಗಿದ್ದ ಹೆಂಗಸರು ತಾಳ ಹಾಕುತ್ತಲೇ ಇದ್ದರು. ಯಾರಿಗೂ ಏನೂ ಗೊತ್ತಾಗಲಿಲ್ಲ. ನನಗೆ ಕಣ್ಣು ಮಂಜಾಗಿ ಮುಂದಿನ ಸಾಲು ಊದಲಾಗಲಿಲ್ಲ, ಬೆರಳನ್ನು ಮಾತ್ರ ಆಡಿಸಿದೆ.

ಊಟವಾದ ಮೇಲೆ ಆಟೋದ ನೆರಳಿನಲ್ಲಿ ಕೂತಿದ್ದೆವು.

"ಎಂಗಿತ್ತು?" ಅಂದ ಅಶೋಕ್.

"ನೀ ಬಂದೆಯಲ್ಲಣ್ಣ" ಅಂದೆ.

"ಬರ್ದೆ ಇನ್ನೇನು. ನಾನ್ ನಿನ್ನಂಗಾ?"

ಚಲುವರಾಜು ಜೋರಾಗಿ ನಕ್ಕ. ನಾನೂ ನಗಬೇಕಾಯಿತು. ನಕ್ಕ ಮೇಲೆ ಮತ್ತೆ ಕೇಳಿದೆ. ಕೇಳದೆ ಬಿಡುವ ಪೈಕಿ ಅಲ್ಲ ನಾನು.

"ಮಾವ, ಈ ವಾಡಿಕೆ ಬುಡಿ ಅಂತ ನಾನು ಕೇಳಕಿಲ್ಲ. ಮದ್ವೆ ಆಡ್ಗೊಂದು ಮನೆ ಅದೆ. ದಾರಿ ತಪ್ದೋರ್ನ ಅಲ್ಲಿಗ್ ಕರ್ಕಂಡ್ ಬರ್ಬೇಕು, ಸರಿ. ನಾನ್ ಬರ್ದಿರದ್ರಲ್ಲಿ ಮನೇನೇ ಇಲ್ಲ. ಅಲ್ಲಿ ತಪ್ದೋರ್ ಪಕ್ಕ ಓಗಿ ನಿಂತ್ಕಂಡ್ರೆ, ಅದ್ ಬೇಲಿ ಆಕ್ದಂಗೆ. ಅವ್ರು ಆಚೆಗೇ ಓಗಕಾಗಕಿಲ್ಲ. ಇನ್ನೊಂದೇ ಒಂದ್ ಸಲ ನೋಡಿ. ಆಗ್ದಿದ್ರೆ ನಾನೇ ಫೇಲಾಯ್ತೀನಿ, ನಿಮ್ಮುನ್ನ ಕೇಳಕಿಲ್ಲ."

ಮಾವ ಎಲೆಯಡಿಕೆ ಜಗಿಯುತ್ತಾ ಅಶೋಕನ ಕಡೆ ನೋಡಿದ. ತೀರ್ಮಾನ ಅವನದು ಎಂದು ಎಲ್ಲರಿಗೂ ಗೊತ್ತಿತ್ತು.

ಅಶೋಕ್ ತನ್ನ ಕೋಟಿನ ಗುಂಡಿ ಬಿಚ್ಚುತ್ತಿದ್ದ. "ಇದಿರ್ಲಿ ನೋಡು" ಅಂದ, ಕೋಟನ್ನು ಎತ್ತಿ ಹಿಡಿದು. "ಇದ್ ಆಕಂಡಿದ್ರೆ ಒಬ್ರುನ್ನೂ ಬುಡಕಿಲ್ಲ. ಬಿಚ್ಚಿದ್ರೆ ಅವ್ರವ್ರ್ ದಾರಿ ಅವ್ರವ್ರ್ಗೆ. ಮೈ ಮೇಲ್ ಇದ್ರೆ ಬಾಯ್ಗೂ ನೆಪ್ಪಿರ್ತದೆ. ಆಯ್ತದಾ?"

"ನನ್ ಬನೀನು ತೂತಾಗದೆ ಕಣ್ಲಾ" ಅಂದ ಚಲುವರಾಜು.

"ಅಂಗಾರೆ ಸರ್ಟಾಕ್ಕಂಡ್ ಬಾ, ಬಡ್ಡೆತ್ತದೆ. ಪರೀಕ್ಸೆ ಕನ ಅದು."

ಪರೀಕ್ಷೆ ಮಂಡ್ಯದಲ್ಲಿ, ರೈಲು ನಿಲ್ದಾಣದ ಹತ್ತಿರದ ಒಂದು ಸಮುದಾಯ ಭವನದಲ್ಲಿ ನಡೆಯಿತು. ಅಂದು ಮಧ್ಯಾಹ್ನ ಬ್ಯಾಂಡಿಗೆ ಮದ್ದೂರಿನಲ್ಲಿ ಬೀಗರೂಟದ ಕೆಲಸ ಇದ್ದದ್ದರಿಂದ ವೀಣ ಮೇಡಂ ಪರೀಕ್ಷಕರನ್ನು ಒಪ್ಪಿಸಿ ಇಲ್ಲಿಗೇ ಕರೆತಂದಿದ್ದರು. ಪರೀಕ್ಷಕರು ದಪ್ಪ ಕನ್ನಡಕದ ಹಿರಿಯರು. ನನ್ನ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು, ಪೆನ್ಸಿಲ್ಲು ಹಿಡಿದು ಕೂತರು. ಮೂವರೂ ನೀಲಿ ಕೋಟು ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಿದರು. ಪರೀಕ್ಷಕರು ಅದನ್ನು ವಿಚಿತ್ರವಾಗಿ ನೋಡಿದರು. ನಾನು ವಿವರಿಸಲು ಹೋಗಲಿಲ್ಲ. ಕೈ ಎತ್ತಿದೆ.

ಹೊರಗೆ ಪ್ಲಾಟ್‌ಫಾರಮ್ಮಿನಲ್ಲಿ ಯಾರೋ ಮದ್ದೂರು ವಡೆ ಎಂದು ಕೂಗುತ್ತಿದ್ದರು. ಒಳಗೆ ಕ್ಲಾರಿನೆಟ್ಟು ಹೊರಟಿತು, ಕೆಂಡ ತರಲು ಹೊರಟ ಹುಡುಗಿಯ ಹಾಗೆ, ಹತ್ತಿರವೇ ಇದೆ ಎಂಬ ನಂಬಿಕೆಯಲ್ಲಿ. ಟ್ರಂಪೆಟ್ಟು ಇನ್ನೊಂದು ದಿಕ್ಕಿನಿಂದ. ಯುಫೋನಿಯಂ ಕೆಳಗಿನಿಂದ, ಮರದ ಬೇರು ಅಲ್ಲಾಡಿದಂತೆ. ಒಂದು ಸ್ವರ ಇನ್ನೊಂದರ ಕೈ ಹಿಡಿಯಲಿಲ್ಲ, ಒಂದೂ ಇನ್ನೊಂದನ್ನು ತಳ್ಳಲಿಲ್ಲ. ಶೆಡ್ಡಿನಲ್ಲಿ ನೂರು ಸಲ ಕೇಳಿದ್ದೆ. ಆದರೂ ಆವತ್ತು ಆ ಮೂವರ ನಡುವಿನ ಜಾಗ ನನಗೆ ಮೊದಲ ಸಲ ಕೇಳಿಸಿತು. ದೊಡ್ಡ ಜಾಗ. ಬಯಲಿನಷ್ಟು.

ಮುಕ್ಕಾಲು ಪಾಲು ಮುಗಿದಿತ್ತು. ಅಲ್ಲಿ ಕ್ಲಾರಿನೆಟ್ಟಿಗೆ ಒಂದು ಉದ್ದನೆಯ ಸಾಲಿದೆ, ಕೊನೆಯಲ್ಲಿ ಹಲಗೂರು ಮುಟ್ಟಬೇಕು. ಮಾವನ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು. ಸಾಲು ಮುಗಿಯುವ ಮೊದಲೇ ಉಸಿರು ಮುಗಿಯಿತು. ಸ್ವರ ಕುಸಿದು, ಹಲಗೂರು ಮುಟ್ಟದೆ ಕೊಪ್ಪದಲ್ಲಿ ಬಿತ್ತು. ಬಿದ್ದು ಅಲ್ಲೇ ನಡುಗುತ್ತಾ ನಿಂತಿತು.

ಮಾವ ನಿಜವಾಗಿ ತಪ್ಪಿದ್ದನ್ನು ಈ ಇಬ್ಬರೂ ಎಂದೂ ಕೇಳಿದವರಲ್ಲ. ಚಲುವರಾಜುವಿನ ಕಣ್ಣು ದೊಡ್ಡದಾಯಿತು. ಮುಂದಿನ ಸ್ವರ ಅಶೋಕನದು. ಅವನ ಭುಜ, ನಾನು ನೋಡುತ್ತಿದ್ದಂತೆಯೇ, ಮಾವನ ಕಡೆ ವಾಲಿತು. ಬಸರಾಳಿನ ಚಪ್ಪರದ ಕೆಳಗೆ ನನ್ನ ಕಡೆ ವಾಲಿದ್ದೂ ಹಾಗೆಯೇ ಇರಬೇಕು. ಕೊಪ್ಪಕ್ಕೆ ಹೋದನೋ, ಮುಗಿಯಿತು. ಅವನು ಕಣ್ಣು ಮುಚ್ಚಿದ. ಮುಚ್ಚಿಕೊಂಡೇ ತನ್ನದೇ ಸ್ವರವನ್ನು, ಬರೆದಿದ್ದ ಸ್ವರವನ್ನು, ಊದಿದ. ಮೆಲ್ಲಗೆ ಊದಿದ. ಆದರೆ ಅದೇ ಸ್ವರ. ಚಲುವರಾಜು ಅವನ ಹಿಂದೆ ತನ್ನ ಸ್ವರಕ್ಕೆ ಹೋದ.

ಮಾವ ಒಬ್ಬನೇ ಉಳಿದ. ಇಷ್ಟು ವರ್ಷ ಯಾರು ಬಿದ್ದರೂ ಎತ್ತಲು ಹೋಗುತ್ತಿದ್ದ ಮನುಷ್ಯ. ಕ್ಲಾರಿನೆಟ್ಟನ್ನು ಒಂದು ಗೇಣು ಕೆಳಗಿಳಿಸಿ, ಬಾಯಿ ತೆರೆದು, ಎದೆ ತುಂಬ ಉಸಿರು ಎಳೆದುಕೊಂಡ. ಆ ಉಸಿರಿನ ಸದ್ದು ಭವನದ ಮೂಲೆಯವರೆಗೂ ಕೇಳಿಸಿತು. ಆಮೇಲೆ ಯಾರ ಕಡೆಯೂ ನೋಡದೆ, ಇಬ್ಬರೂ ಎಷ್ಟು ದೂರ ಹೋಗಿದ್ದಾರೆಂದು ಕಿವಿಯಲ್ಲೇ ಅಳೆದು, ತನ್ನ ಮುಂದಿನ ಸಾಲನ್ನು ಸರಿಯಾದ ಜಾಗದಲ್ಲಿ ಹಿಡಿದ. ಕೊನೆಯವರೆಗೂ ಬಿಡಲಿಲ್ಲ.

ಮುಗಿದ ಮೇಲೆ ಪರೀಕ್ಷಕರು ಪುಟ ತಿರುಗಿಸಿ ಹಿಂದಕ್ಕೆ ಹೋದರು. "ಇಲ್ಲಿ ಕ್ಲಾರಿನೆಟ್ ಜಾರಿತು."

"ಹೌದು ಸರ್."

"ಉಳಿದಿಬ್ಬರು ಜಾರಲಿಲ್ಲ. ಕೃತಿ ನಿಂತಿತು." ಪೆನ್ಸಿಲ್ಲಿನಿಂದ ಏನೋ ಗುರುತು ಹಾಕಿದರು. "ಪಾಸು. ತಪ್ಪಿಗೆ ಅಂಕ ಕಳೀತೀನಿ, ಬೇಜಾರು ಮಾಡ್ಕೋಬೇಡ."

"ಇಲ್ಲ ಸರ್."

ಅವರು ಹೋದ ಮೇಲೂ ಮಾವ ಕುರ್ಚಿಯಿಂದ ಏಳಲಿಲ್ಲ. "ಒಬ್ನೂ ಬರ್ನಿಲ್ವಲ್ರಲಾ" ಅಂದ. ದೂರೋ ಮೆಚ್ಚುಗೆಯೋ ತಿಳಿಯಲಿಲ್ಲ.

"ಕೋಟ್ ಬಿಚ್ಚಿದ್ದೋ ಕನಣ್ಣ" ಅಂದ ಅಶೋಕ್. "ನಿಂಗ್ ಎಂಗಾಯ್ತು?"

ಮಾವ ಯೋಚಿಸಿದ. "ಮೊದ್ಲು ಎದೆ ದಸಕ್ ಅಂತು. ಆಮೇಲೆ... ಒಸಿ ಅಗ್ಲ ಆಯ್ತು ಕಣ್ಲಾ. ಯಾರೂ ಒತ್ಗಂಡಿಲ್ವಲ್ಲ." ನನ್ನ ಕಡೆ ತಿರುಗಿದ. "ಪಾಸಂತಾ?"

"ಪಾಸು ಮಾವ."

"ಅಂಕ ಎಷ್ಟ್ ಕಳದ್ನೋ ಅದು ನಿಂದೇ ಕನ, ನಂದಲ್ಲ. ಅಲ್ಲಿ ಉಸ್ರು ತಕಳಕೆ ಜಾಗ್ವೇ ಮಡಗಿಲ್ಲ ನೀನು. ಮಿಸೀನ್ಗೆ ಬರ್ದಂಗ್ ಬರ್ದಿದ್ದೀಯ."

ಹಾಳೆ ತೆಗೆದು ನೋಡಿದೆ. ಇರಲಿಲ್ಲ. ಕಂಪ್ಯೂಟರು ಬೇಡವೆಂದು ಅಷ್ಟು ಹಟ ಹಿಡಿದವಳು, ಮನುಷ್ಯ ಎಲ್ಲಿ ಉಸಿರಾಡುತ್ತಾನೆಂದು ಒಂದು ಕಡೆಯೂ ಯೋಚಿಸಿರಲಿಲ್ಲ. ಶೆಡ್ಡಿನಲ್ಲಿ ಅಷ್ಟು ದಿನ ಅವನು ಹೇಗೋ ಕದ್ದು ಉಸಿರು ಎಳೆಯುತ್ತಿದ್ದಿರಬೇಕು, ನನ್ನ ಗಮನವೆಲ್ಲ ಊರುಗಳ ಮೇಲಿತ್ತು.

"ಮುಂದಿನ್ದ್ರಲ್ಲಿ ಮಡಗ್ತೀನಿ" ಅಂದೆ.

"ಮುಂದಿನ್ದೂ ಅದೆಯಾ?" ಅಂದ ಚಲುವರಾಜು, ಯುಫೋನಿಯಂ ಹೊತ್ತುಕೊಂಡು ಬಾಗಿಲಲ್ಲಿ ನಿಂತು. "ಅದ್ರಲ್ಲಾದ್ರೂ ನಮ್ ಅತ್ತೆ ಊರ್ನ ಕೈ ಬುಡವ್ವ."

"ಅದೆ. ಊದ್ತೀರಾ?"

ಅಶೋಕ್ ಕಿಟಕಿಯಿಂದ ಕೋಟುಗಳನ್ನು ಎತ್ತಿಕೊಂಡು, ಬೀಗರೂಟಕ್ಕೆ ಹೊತ್ತಾಯಿತೆಂದು ಗೊಣಗುತ್ತಾ ಹೋದ. ಮಾವ ಮಾತ್ರ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಇಡದೆ ಕೈಯಲ್ಲೇ ಹಿಡಿದಿದ್ದ.

"ಮಾವ, ಒಂದೇ ಉಸ್ರಲ್ಲಿ ಎಷ್ಟ್ ಒತ್ತು ಊದ್ತೀಯ?"

"ಯಾವ್ ಸ್ವರ?"

"ಯಾವ್ದಾದ್ರೂ."

ಅವನು ಬಾಯಿಗಿಟ್ಟು ಊದತೊಡಗಿದ. ಹೊರಗಿನಿಂದ ಆಟೋದ ಹಾರ್ನು ಬಡಿದುಕೊಳ್ಳುತ್ತಿತ್ತು. ನಾನು ಹಾಳೆಯ ಬೆನ್ನು ತಿರುಗಿಸಿ, ಸ್ವರ ನಡೆದಷ್ಟು ದೂರ ಪೆನ್ಸಿಲ್ಲನ್ನು ಎಳೆಯುತ್ತಾ ಹೋದೆ. ಮಾವನ ಉಸಿರು ನಿಂತಾಗ ಗೆರೆಯನ್ನು ನಿಲ್ಲಿಸಿ, ಒಂದು ಬೆರಳಿನಷ್ಟು ಖಾಲಿ ಬಿಟ್ಟು, "ಇನ್ನೊಂದ್ ಸಲ" ಅಂದೆ.